ಡೇವ್ ಥ್ಯೂರರ್: ದಾಳಿಗೆ ಗುಂಡಿಯೇ ಇಲ್ಲದ ಆಟ

ನಾಣ್ಯ ಹಾಕಿ ವಿಡಿಯೋ ಗೇಮ್ ಆಡುವ ಅಮೆರಿಕದ ಆರ್ಕೇಡ್‌ಗಳಿಗೆ 1980ರಲ್ಲಿ ‘ಮಿಸೈಲ್ ಕಮಾಂಡ್’ ಎಂಬ ಯಂತ್ರ ಬಂತು. ಪರದೆಯ ತಳದಲ್ಲಿ ಆರು ಪುಟ್ಟ ನಗರಗಳು, ಮೂರು ಕ್ಷಿಪಣಿ ನೆಲೆಗಳು. ಮೇಲಿನಿಂದ ಶತ್ರುಗಳ ಕ್ಷಿಪಣಿಗಳು ಗೆರೆ ಎಳೆಯುತ್ತ ಇಳಿಯುತ್ತವೆ, ಕೆಲವು ನಡುದಾರಿಯಲ್ಲೇ ಕವಲೊಡೆಯುತ್ತವೆ. ಆಟಗಾರ ಅಂಗೈಯಲ್ಲಿ ಚೆಂಡೊಂದನ್ನು ಉರುಳಿಸಿ ಗುರಿ ಹಿಡಿದು ಅವನ್ನು ಆಕಾಶದಲ್ಲೇ ಸಿಡಿಸಬೇಕು. ಪ್ರತಿ ಸುತ್ತಿಗೆ ನೆಲೆಯೊಂದಕ್ಕೆ ಸಿಗುವುದು 10 ಕ್ಷಿಪಣಿ ಮಾತ್ರ. ಅವು ಮುಗಿದ ಮೇಲೆ ಊರು ಉರಿಯುವುದನ್ನು ನೋಡುತ್ತ ನಿಲ್ಲಬೇಕಷ್ಟೆ.

ಈ ಆಟವನ್ನು ರೂಪಿಸಿ ಅದರ ಪ್ರೋಗ್ರಾಂ ಬರೆದವರು ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿಯ ಡೇವ್ ಥ್ಯೂರರ್. ರಿಚ್ ಆಡಮ್ ಜೊತೆಗಿದ್ದರು. ಅದಕ್ಕೆ ಮೊದಲು ಥ್ಯೂರರ್ ಅಲ್ಲಿ ಮಾಡಿದ್ದು ನಾಲ್ವರು ಕೂಡಿ ಆಡುವ ಒಂದು ಸಾಕರ್ ಆಟ.

ಕ್ಷಿಪಣಿಗಳ ಆಟ ಬೇಕೆಂಬ ಸೂಚನೆ ಬಂದದ್ದು ಮೇಲಧಿಕಾರಿಗಳಿಂದ. ಥ್ಯೂರರ್ ಒಪ್ಪಿದರು, ಆದರೆ ಆಟಗಾರ ಯಾರ ಮೇಲೂ ದಾಳಿ ಮಾಡಕೂಡದು, ತನ್ನವರನ್ನು ಕಾಯಬೇಕಷ್ಟೇ ಎಂದು ಪಟ್ಟು ಹಿಡಿದರು. ಹೀಗಾಗಿ ಶತ್ರುವಿನ ನಾಡು ಪರದೆಯ ಮೇಲೆ ಎಲ್ಲೂ ಕಾಣಿಸುವುದಿಲ್ಲ. ಶುರುವಿನಲ್ಲಿ ಆರು ನಗರಗಳಿಗೂ ಕ್ಯಾಲಿಫೋರ್ನಿಯಾದ ಊರುಗಳ ಹೆಸರಿದ್ದವು. ಕೊನೆಗೆ ಹೆಸರುಗಳು ಹೋದವು. ಯಾವ ಊರಿನವರು ಆಡಿದರೂ ಅದು ಅವರದೇ ಊರಾಗಬಹುದಿತ್ತು.

ಶೀತಲ ಸಮರದ ದಿನಗಳವು. ಆಟ ಕಟ್ಟುತ್ತಿದ್ದ ಕಾಲದಲ್ಲಿ ಅಣುದಾಳಿಯ ದುಃಸ್ವಪ್ನಗಳು ಥ್ಯೂರರ್ ಅವರನ್ನು ಬಿಡದೆ ಕಾಡಿದವು. ಆ ಭಯ ಆಟದ ನಿಯಮಗಳಿಗೂ ಇಳಿದಿದೆ. ಸುತ್ತು ಕಳೆದಂತೆ ಕ್ಷಿಪಣಿಗಳ ವೇಗ ಏರುತ್ತದೆ, ಗೆದ್ದೆ ಎನ್ನುವ ಘಟ್ಟ ಬರುವುದೇ ಇಲ್ಲ. ಕೊನೆಯ ನಗರವೂ ಬಿದ್ದಾಗ ದೊಡ್ಡ ಸ್ಫೋಟದ ನಡುವೆ ‘ದಿ ಎಂಡ್’ ಎಂಬ ಅಕ್ಷರಗಳು ಮೂಡುತ್ತವೆ. ಬೇರೆ ಯಂತ್ರಗಳು ಅಲ್ಲಿ ‘ಗೇಮ್ ಓವರ್’ ಎನ್ನುತ್ತಿದ್ದವು. ಅಣುಯುದ್ಧದ ಬಗ್ಗೆ ಆ ಕಾಲದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಕೃತಿಗಳ ಸಾಲಿನಲ್ಲಿ ಈ ಆಟವನ್ನೂ ಇಡಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಉಪದೇಶದ ಒಂದು ಮಾತೂ ಇಲ್ಲ. ಆಡುತ್ತ ಆಡುತ್ತ ಕೈಗೇ ವಿಷಯ ಅರ್ಥವಾಗುತ್ತದೆ.

ಮುಂದಿನ ವರ್ಷ ಬಂದ ‘ಟೆಂಪೆಸ್ಟ್’ಗೂ ಕನಸೇ ಮೂಲ. ಭೂಮಿಯಲ್ಲೊಂದು ರಂಧ್ರ, ಅದರೊಳಗಿಂದ ತೆವಳಿ ಮೇಲೆ ಬರುವ ವಿಕಾರ ಜೀವಿಗಳು. ಥ್ಯೂರರ್ ಅದನ್ನು ಆಳವಾದ ಕೊಳವೆಯಾಗಿ ಚಿತ್ರಿಸಿದರು. ಆಟಗಾರ ಅದರ ಅಂಚಿನಲ್ಲಿ ಓಡಾಡುತ್ತ ಗುಂಡು ಹಾರಿಸುತ್ತಾನೆ. ಮೊದಲು ಕೊಳವೆಯೇ ತಿರುಗುವಂತೆ ಮಾಡಿದ್ದರು. ನೋಡಿದವರಿಗೆ ತಲೆ ಸುತ್ತಿತು. ಆಗ ಕೊಳವೆಯನ್ನು ನಿಲ್ಲಿಸಿ ಆಟಗಾರನನ್ನು ಓಡಿಸಿದರು. ಇದರ ಪರದೆಯೂ ವಿಶೇಷವಾದದ್ದು. ಸಾಮಾನ್ಯ ಟಿವಿಯ ಕಿರಣ ಸಾಲು ಸಾಲಾಗಿ ಇಡೀ ಪರದೆಯನ್ನು ಬಳಿದರೆ, ವೆಕ್ಟರ್ ಪರದೆಯ ಕಿರಣ ಬೇಕಾದ ಗೆರೆಯನ್ನಷ್ಟೇ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೇರವಾಗಿ ಎಳೆಯುತ್ತದೆ. ಆದ್ದರಿಂದಲೇ ಆ ಹೊಳಪು, ಆ ಚೂಪು. ಅಟಾರಿ ಬಣ್ಣದ ವೆಕ್ಟರ್ ಪರದೆಯನ್ನು ಮೊದಲು ಬಳಸಿದ್ದು ಈ ಆಟದಲ್ಲೇ.

ಥ್ಯೂರರ್ ಅವರ 1984ರ ಆಟ ‘ಐ, ರೋಬೋಟ್’ ಬಣ್ಣ ತುಂಬಿದ ಬಹುಭುಜಗಳಿಂದ ಮೂರು ಆಯಾಮದ ಲೋಕವನ್ನು ಕಟ್ಟಿತು. ಆರ್ಕೇಡ್‌ನಲ್ಲಿ ಅಂಥದ್ದು ಅದೇ ಮೊದಲು. ಆದರೆ ಮಾರುಕಟ್ಟೆಯಲ್ಲಿ ಸೋತಿತು. ಆ ತಂತ್ರ ಆರ್ಕೇಡ್‌ಗಳಲ್ಲಿ ಮಾಮೂಲಾದದ್ದು ಎಷ್ಟೋ ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ.

ಬಳಿಕ ಥ್ಯೂರರ್ ಆಟಗಳ ಲೋಕ ಬಿಟ್ಟು ಚಿತ್ರಸಂಸ್ಕರಣೆಯ ಕಡೆ ಹೊರಳಿದರು. ಅವರು ಬರೆದ ‘ಡಿಬ್ಯಾಬಿಲೈಜರ್’ ತಂತ್ರಾಂಶವನ್ನು ಗ್ರಾಫಿಕ್ಸ್ ಕೆಲಸದವರು ಬಹುಕಾಲ ಬಳಸಿದರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಡೆವಲಪರ್ಸ್ ಸಮ್ಮೇಳನ ಅವರಿಗೆ ಪಯೊನೀರ್ ಪ್ರಶಸ್ತಿ ನೀಡಿತು. ಗೇಮ್ ಕಟ್ಟುವ ಆಸೆಯಿರುವ ವಿದ್ಯಾರ್ಥಿಗಳು ಹೊಸ ಆಟಗಳ ಕಡೆ ಹೋಗುವ ಮೊದಲು ಮಿಸೈಲ್ ಕಮಾಂಡ್‌ಗೆ ಒಂದು ಸಂಜೆ ಕೊಡಲಿ.