ಹೊಳೆ ನೀರಲ್ಲಿ ಎಂಟು ದಿನದ ಅಯೋಡಿನ್

2011ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕುಡಿಯುವ ನೀರಿನಲ್ಲಿ ವಿಕಿರಣಶೀಲ ಅಯೋಡಿನ್-131 ಪತ್ತೆಯಾಯಿತು. ಆಗಷ್ಟೇ ಫುಕುಶಿಮಾ ದುರಂತ ನಡೆದಿತ್ತು, ಅನುಮಾನ ಸಹಜವಾಗಿ ಜಪಾನಿನತ್ತ ತಿರುಗಿತು. ಆದರೆ ಫುಕುಶಿಮಾದ ಸದ್ದಡಗಿದ ಮೇಲೂ ನೀರಿನಲ್ಲಿ ಅದು ಸಿಗುತ್ತಲೇ ಇತ್ತು. ಜಾಡು ಹಿಡಿದು ಹೋದವರು ಕೊನೆಗೆ ತಲುಪಿದ್ದು ಹೊಳೆಯ ಮೇಲ್ಭಾಗದ ಕೊಳಚೆ ನೀರಿನ ಘಟಕಗಳಿಗೆ, ಅಲ್ಲಿಂದಾಚೆ ಥೈರಾಯ್ಡ್ ಚಿಕಿತ್ಸೆಗೆ ಇದೇ ಅಯೋಡಿನ್ ಪಡೆದವರ ಮೂತ್ರಕ್ಕೆ.

ನಮ್ಮ ತುಂಗೆ, ಭದ್ರೆಯಲ್ಲಿ ಇದನ್ನು ಹುಡುಕುವುದು ಹೇಗೆ? ಶಿವಮೊಗ್ಗದವರಿಗೆ ವಿಕಿರಣ ಎಂದೊಡನೆ ನೆನಪಾಗುವುದು ಕೈಗಾ. ಕೈಗಾದ ಅಣು ವಿದ್ಯುತ್ ಸ್ಥಾವರ ಇರುವುದು ಕಾಳಿ ನದಿಯ ದಡದಲ್ಲಿ. ಕಾಳಿ ಪಶ್ಚಿಮಕ್ಕೆ ಹರಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ, ತುಂಗಭದ್ರೆಯ ದಾರಿ ಪೂರ್ವಕ್ಕೆ. ಅಲ್ಲಿಯ ಹೊಳೆ ನೀರು ಇಲ್ಲಿಗೆ ಬರಲಾರದು. ಭದ್ರಾವತಿಯಲ್ಲಾದರೋ ಹೊಳೆಗೆ ಏನಾದರೂ ಕಾರ್ಖಾನೆಯ ಮೇಲೇ ಗೂಬೆ. ಉಕ್ಕು, ಕಾಗದದ ಕಾರ್ಖಾನೆಗಳಲ್ಲಿ ದಪ್ಪ ಅಥವಾ ಮಟ್ಟ ಅಳೆಯಲು ವಿಕಿರಣ ಬಳಸುವುದುಂಟು, ನಿಜ. ಆ ವಸ್ತುಗಳು ಭದ್ರವಾಗಿ ಮುಚ್ಚಿದ ಲೋಹದ ಕೋಶದಲ್ಲಿರುತ್ತವೆ, ಮತ್ತು ಅವು ಅಯೋಡಿನ್ ಅಲ್ಲ.

ಹುಡುಕುವ ಯಂತ್ರದ ಹೃದಯ ಒಂದು ಜರ್ಮೇನಿಯಂ ಹರಳು. ದ್ರವ ಸಾರಜನಕದಿಂದ ಅದನ್ನು ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಗೆ ಇಳಿಸಿ, ಸುತ್ತ ದಪ್ಪ ಸೀಸದ ಗೋಡೆ ಕಟ್ಟುತ್ತಾರೆ. ಇಲ್ಲದಿದ್ದರೆ ಕಟ್ಟಡದ ಕಲ್ಲಿನಿಂದ ಬರುವ ವಿಕಿರಣವೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹರಳಿಗೆ ಬಡಿದ ಪ್ರತಿ ಗಾಮಾ ಕಿರಣವೂ ಅದರ ಶಕ್ತಿಗೆ ತಕ್ಕ ವಿದ್ಯುತ್ ಮಿಡಿತ ಕೊಡುತ್ತದೆ. 364 ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಮೊನಚು ಶಿಖರ ಎದ್ದಿತೋ, ಅಯೋಡಿನ್-131 ಸಿಕ್ಕಿತು.

ಯಂತ್ರಕ್ಕಿಂತ ಹೆಚ್ಚು ಎಡವುವುದು ನೀರು ಹಿಡಿಯುವ ಕ್ಯಾನಿನ ಬಳಿ. ಲೋಹ ಪರೀಕ್ಷೆಗೆ ನೀರು ಹಿಡಿಯುವವರು ಅದಕ್ಕೆ ಆಮ್ಲ ಹಾಕುವುದು ರೂಢಿ. ಅಯೋಡಿನ್‌ಗೆ ಹಾಗೆ ಮಾಡಿದರೆ ಅದು ಆವಿಯಾಗಿ ಹಾರಿಹೋಗುವ ಅಪಾಯವಿದೆ. ಆದ್ದರಿಂದ ಆಮ್ಲ ಬೇಡ. ತುಸು ಸಾಮಾನ್ಯ ಅಯೋಡೈಡ್ ಬೆರೆಸಿ, ಇಡೀ ಕ್ಯಾನಿನ ನೀರನ್ನು ರಾಳದ ಕಾಳುಗಳ ಮೂಲಕ ಇಳಿಸಿ, ಅಯೋಡಿನ್ ಹಿಡಿದಿಟ್ಟ ಆ ಕಾಳುಗಳನ್ನು ಹರಳಿನ ಮುಂದೆ ಇಡಬೇಕು. ಅದೂ ಬೇಗ. ಅಯೋಡಿನ್-131ರ ಅರ್ಧಾಯು ಸುಮಾರು 8 ದಿನ. 80 ದಿನಕ್ಕೆ ಉಳಿಯುವುದು ಸಾವಿರದಲ್ಲೊಂದು ಪಾಲು.

ಈ ಅಲ್ಪಾಯುಷ್ಯವೇ ಪತ್ತೇದಾರಿಕೆಗೆ ಅನುಕೂಲ. ಇವತ್ತು ಸಿಕ್ಕಿದ್ದು ಇತ್ತೀಚಿನ ವಾರಗಳದ್ದೇ ಆಗಿರಬೇಕು. ಅಣು ಸ್ಥಾವರದಿಂದ ಸೋರಿದ್ದಾದರೆ ಅದು ಒಂಟಿಯಾಗಿ ಬರುವುದು ಅಪರೂಪ. ಸೀಸಿಯಂ-134, ಸೀಸಿಯಂ-137, ಮೊದಮೊದಲು 21 ಗಂಟೆ ಅರ್ಧಾಯುವಿನ ಅಯೋಡಿನ್-133 ಕೂಡ ಜೊತೆಗಿರುತ್ತವೆ. ಆಸ್ಪತ್ರೆಯ ಅಯೋಡಿನ್ ಮಾತ್ರ ಒಂಟಿ.

ಇನ್ನೊಂದು ಅಯೋಡಿನ್ ಇದೆ, 129. ಅದರ ಅರ್ಧಾಯು 1.57 ಕೋಟಿ ವರ್ಷ. ಅಣುಯುಗಕ್ಕೆ ಮುಂಚೆ ಸಮುದ್ರದ ಲಕ್ಷ ಕೋಟಿ ಅಯೋಡಿನ್ ಪರಮಾಣುಗಳಲ್ಲಿ ಒಂದೆರಡು ಮಾತ್ರ ಇದಾಗಿದ್ದವು. ಬಾಂಬ್ ಪರೀಕ್ಷೆಗಳೂ, ಫ್ರಾನ್ಸಿನ ಲಾ ಹಾಗ್ ಮತ್ತು ಬ್ರಿಟನ್ನಿನ ಸೆಲ್ಲಾಫೀಲ್ಡ್‌ನ ಇಂಧನ ಮರುಸಂಸ್ಕರಣೆಯೂ ಅದನ್ನು ಎಷ್ಟೋ ಪಟ್ಟು ಏರಿಸಿವೆ. ಇದನ್ನು ಎಣಿಸಲು ಹರಳು ಸಾಲದು, ಕಣ ವೇಗವರ್ಧಕವೇ ಬೇಕು.

ಅಯೋಡಿನ್-131 ಹುಡುಕಲು ನಾನಾದರೆ ನೀರು ಹಿಡಿಯುವುದು ಹೀಗೆ: ತುಂಗೆಯಲ್ಲಿ ಗಾಜನೂರಿನ ಮೇಲೊಮ್ಮೆ, ಶಿವಮೊಗ್ಗ ದಾಟಿದ ಮೇಲೊಮ್ಮೆ, ಭದ್ರೆಯಲ್ಲಿ ಅಣೆಕಟ್ಟೆಯ ಕೆಳಗೊಮ್ಮೆ, ಭದ್ರಾವತಿ ದಾಟಿದ ಮೇಲೊಮ್ಮೆ, ಆಮೇಲೆ ಎರಡೂ ಸೇರುವ ಕೂಡಲಿಯ ಕೆಳಗೆ. ಊರಿನ ಮೇಲೆ ಇಲ್ಲದ್ದು ಊರಿನ ಕೆಳಗೆ ಕಂಡರೆ ಮೂಲ ಊರೇ. ಮಾಡಬೇಕಾದ್ದು ಬೇಸಿಗೆಯಲ್ಲಿ, ಹೊಳೆ ಇಳಿದಾಗ. ಮಳೆಗಾಲದ ಪ್ರವಾಹದಲ್ಲಿ ಏನೂ ಕಾಣದು.

ಥೈರಾಯ್ಡ್ ಕ್ಯಾನ್ಸರಿಗೆ ಒಮ್ಮೆ ಕೊಡುವ ಔಷಧ 100 ಮಿಲಿಕ್ಯೂರಿಯಷ್ಟಿರಬಹುದು, ಅಂದರೆ ಸೆಕೆಂಡಿಗೆ 370 ಕೋಟಿ ವಿಘಟನೆ. ಬಹುಪಾಲು ಎರಡೇ ದಿನದಲ್ಲಿ ಮೂತ್ರದಲ್ಲಿ ಹೊರಬೀಳುತ್ತದೆ. ಅದಕ್ಕೇ ಈ ಚಿಕಿತ್ಸೆಯ ವಾರ್ಡಿನ ಶೌಚದ ನೀರನ್ನು ತೊಟ್ಟಿಗಳಲ್ಲಿ ತಡೆದು, ಕ್ಷೀಣಿಸಿದ ಮೇಲೆ ಬಿಡುತ್ತಾರೆ. ಉಳಿದದ್ದು ರೋಗಿಯ ಜೊತೆ ಬಸ್ಸು ಹತ್ತಿ ಊರಿಗೆ ಬರುತ್ತದೆ. ಹಳ್ಳಿಮನೆಯ ಶೌಚದ ಗುಂಡಿಯಿಂದ ಮಣ್ಣಿಗಿಳಿದು ಹೊಳೆ ಸೇರುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. ನಗರದ ಒಳಚರಂಡಿಗೆ ಆ ತಾಳ್ಮೆಯಿಲ್ಲ. ಈ ಒಂದು ವಿಷಯದಲ್ಲಿ ಗುಂಡಿಯೇ ವಾಸಿ!

ಹೊಳೆಯಲ್ಲಿ ಹೀಗೆ ಸಿಗಬಹುದಾದದ್ದು ಅತ್ಯಲ್ಪ, ಇದಕ್ಕೆ ಹೆದರಿ ಚಿಕಿತ್ಸೆ ಬಿಡಬೇಡಿ. ಚಿಕಿತ್ಸೆ ಪಡೆದು ಬಂದವರು ವೈದ್ಯರು ಹೇಳಿದಷ್ಟು ದಿನ, ಸಾಧ್ಯವಿದ್ದರೆ, ಬೇರೆ ಶೌಚಾಲಯ ಬಳಸಿ, ಪ್ರತಿ ಸಲವೂ ಎರಡು ಬಾರಿ ನೀರು ಬಿಡಿ.