ಪ್ರವಾಸದಲ್ಲಿ ಹೋಟೆಲ್ ಊಟ: ‘ಜೈನ್ ಫುಡ್’ ಎಂದಷ್ಟೇ ಹೇಳಿದರೆ ಸಾಲದು

ಕುಟುಂಬದೊಡನೆ ಪ್ರವಾಸ ಹೊರಟಾಗ ಒಂದೆರಡು ಹೊತ್ತಿಗೆ ಬುತ್ತಿ ಸಾಕಾಗುತ್ತದೆ. ಆಮೇಲೆ ಹೋಟೆಲ್ ಅನಿವಾರ್ಯ. ಬೋರ್ಡಿನ ಮೇಲೆ ‘ಶುದ್ಧ ಸಸ್ಯಾಹಾರಿ’ ಎಂದಿದ್ದರೂ ಅಲ್ಲಿ ಜೈನ ಆಹಾರ ನಿಯಮ ಪಾಲನೆಯಾಗುತ್ತದೆ ಎಂದು ಅರ್ಥವಲ್ಲ. ಕಂದಮೂಲ ತ್ಯಾಗ, ರಾತ್ರಿಭೋಜನ ತ್ಯಾಗದ ನಿಯಮ ತೆಗೆದುಕೊಂಡ ಹಿರಿಯರು ಜೊತೆಗಿದ್ದರೆ, ವಿಚಾರಿಸದೆ ಹೋದಾಗ ಅವರು ಹಸಿದು ಮಲಗಬೇಕಾಗುತ್ತದೆ, ಇಲ್ಲವೇ ತಿಳಿಯದೆ ನಿಯಮ ಭಂಗವಾಗುತ್ತದೆ.

ಹಸಿರು ಚುಕ್ಕೆಯ ಅರ್ಥ

ಆಹಾರದ ಪೊಟ್ಟಣಗಳ ಮೇಲೆ ಹಸಿರು ಚೌಕದೊಳಗೆ ಇರುವ ಹಸಿರು ಚುಕ್ಕೆ, ಅದರಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ ಎಂದು ತಿಳಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯ ವಿಷಯವನ್ನು ಅದು ಹೇಳುವುದಿಲ್ಲ. ಮದ್ಯ, ಮಾಂಸಗಳ ಜೊತೆಯಲ್ಲೇ ಶ್ರಾವಕರಿಗೆ ತ್ಯಾಜ್ಯವೆಂದು ಹೇಳಿರುವ ಜೇನುತುಪ್ಪದ ಬಾಟಲಿಯ ಮೇಲೂ ಇದೇ ಗುರುತು ಇರುತ್ತದೆ.

ಅಡುಗೆಮನೆಯಲ್ಲಿ ನಡೆಯುವುದು

‘ಜೈನ್’ ಎಂದರೆ ಈರುಳ್ಳಿ, ಬೆಳ್ಳುಳ್ಳಿ ಹಾಕದ ಅಡುಗೆ ಎಂದಷ್ಟೇ ಅನೇಕ ಅಡುಗೆಯವರು ತಿಳಿದಿರುತ್ತಾರೆ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿಶುಂಠಿ ಹಾಗೆಯೇ ಉಳಿಯುತ್ತವೆ. ಮೊಸರನ್ನಕ್ಕೂ ಪೊಂಗಲ್‌ಗೂ ಹಸಿಶುಂಠಿ ಬೀಳುವುದುಂಟು. ದೋಸೆ ಕಾವಲಿಯನ್ನು ಅರ್ಧ ಕತ್ತರಿಸಿದ ಈರುಳ್ಳಿಯಿಂದ ಉಜ್ಜುವುದು ಎಷ್ಟೋ ಕಡೆ ರೂಢಿ; ಹಾಗಾಗಿ ಸಾದಾ ದೋಸೆಯ ಬಗ್ಗೆಯೂ ವಿಚಾರಿಸಬೇಕು.

ಗ್ರೇವಿ ಮತ್ತು ಸಾಂಬಾರನ್ನು ಸಾಮಾನ್ಯವಾಗಿ ಮೊದಲೇ ಮಾಡಿಟ್ಟಿರುತ್ತಾರೆ. ಮೇಜಿನ ಮುಂದೆ ಕುಳಿತು ‘ಈರುಳ್ಳಿ ಬೇಡ’ ಎಂದರೆ ಮೇಲೆ ಉದುರಿಸುವುದನ್ನು ಬಿಡಬಹುದು. ಒಳಗೆ ಅರೆದು ಕುದಿಸಿದ್ದನ್ನು ತೆಗೆಯಲಾಗದು.

ಕೇಳುವ ಕ್ರಮ

‘ಜೈನ್ ಫುಡ್ ಸಿಗುತ್ತದೆಯೇ?’ ಎಂದು ಕೇಳುವುದಕ್ಕಿಂತ ಬೇಡವಾದ ಪದಾರ್ಥಗಳ ಹೆಸರನ್ನೇ ಹೇಳುವುದು ಉತ್ತಮ. ಚೀಟಿಯಲ್ಲಿ ಬರೆದು ಒಳಗೆ ಕಳುಹಿಸಿದರೆ ಮಾತು ಬದಲಾಗುವುದಿಲ್ಲ. ಹೊರರಾಜ್ಯದಲ್ಲಿ ಅಲ್ಲಿನ ಭಾಷೆಯಲ್ಲೋ ಹಿಂದಿಯಲ್ಲೋ ಚೀಟಿ ಇದ್ದರೆ ಅನುಕೂಲ. ಆಗಲೇ ಹೊಸದಾಗಿ ಮಾಡಿಕೊಡಬಹುದಾದದ್ದನ್ನು ಕೇಳಬೇಕು: ಬಿಸಿ ಅನ್ನ, ಬೇಳೆಗೆ ತುಪ್ಪ, ಜೀರಿಗೆ, ಇಂಗಿನ ಒಗ್ಗರಣೆ, ಚಪಾತಿ, ಬೆಂಡೆ ಅಥವಾ ಬಾಳೆಕಾಯಿ ಪಲ್ಯ. ಕೇಕ್, ಬ್ರೆಡ್, ನಾನ್‌ಗೆ ಮೊಟ್ಟೆ ಹಾಕಿದ್ದಾರೆಯೇ, ಶರಬತ್ತಿಗೆ ಜೇನು ಸೇರಿದೆಯೇ ಎಂದೂ ವಿಚಾರಿಸಬೇಕು. ದ್ವಿದಳ ನಿಯಮ ಪಾಲಿಸುವವರು ಮೊಸರುವಡೆಯನ್ನು ಬಿಡುತ್ತಾರೆ.

ಸಮಯವೇ ದೊಡ್ಡ ತೊಡಕು

ಬೆಂಗಳೂರಿನಲ್ಲಿ ಡಿಸೆಂಬರ್ ಹೊತ್ತಿಗೆ ಸೂರ್ಯಾಸ್ತ ಸಂಜೆ 6ರ ಆಸುಪಾಸು. ಜೂನ್ ಕೊನೆಯಲ್ಲೂ 7ರ ಒಳಗೆ. ಬಹಳಷ್ಟು ಹೋಟೆಲ್‌ಗಳಲ್ಲಿ ರಾತ್ರಿ ಊಟ ಶುರುವಾಗುವುದೇ 7ರ ನಂತರ. ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ತಿಂಡಿ ಮಾತ್ರ ಸಿಗುವುದೇ ಹೆಚ್ಚು. ಆದ್ದರಿಂದ ರೂಮು ಕಾದಿರಿಸುವಾಗಲೇ ‘ಸಂಜೆ 5ಕ್ಕೆ ಊಟ ಸಿಗುತ್ತದೆಯೇ?’ ಎಂದು ಕೇಳಿ ಒಪ್ಪಿಸಿಕೊಳ್ಳಬೇಕು. ಆಗದಿದ್ದರೆ ಮಧ್ಯಾಹ್ನದ ಊಟದ ಜೊತೆಗೇ ಸಂಜೆಯ ಚಪಾತಿ, ಪಲ್ಯ ಕಟ್ಟಿಸಿಕೊಳ್ಳಬಹುದು. ದಾರಿಯಲ್ಲಿ ವಾಹನ ತಡವಾಗುವುದು ಸಾಮಾನ್ಯ. ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು, ನೀರು ಸೋಸುವ ಬಟ್ಟೆ ಕೈಚೀಲದಲ್ಲಿರಲಿ.

ಒಂದೇ ಮನೆಯಲ್ಲೂ ಎಲ್ಲರ ನಿಯಮ ಒಂದೇ ಆಗಿರುವುದಿಲ್ಲ. ಅಜ್ಜಿಗೆ ಸೂರ್ಯಾಸ್ತದ ನಂತರ ನೀರೂ ಇಲ್ಲದಿರಬಹುದು, ಮೊಮ್ಮಕ್ಕಳಿಗೆ ಅಷ್ಟು ಕಟ್ಟುನಿಟ್ಟು ಇರದಿರಬಹುದು. ಹೊರಡುವ ಮುನ್ನ ಯಾರ ನಿಯಮ ಏನೆಂದು ಕೇಳಿಕೊಂಡು, ಅತಿ ಕಟ್ಟುನಿಟ್ಟಿನವರ ಹೊತ್ತಿಗೆ ದಿನದ ಪ್ರಯಾಣವನ್ನು ಹೊಂದಿಸಿದರೆ ಯಾರೂ ಹಸಿದು ಮಲಗಬೇಕಾಗುವುದಿಲ್ಲ.