ಭಾರೀ ಜೆಟ್‌ಗಳ ಹಳೆಯ ನಿರ್ಗಮನ ಪಥಗಳು ಮತ್ತು ಸರಕಿನ ತೂಕ

ವಿಮಾನದ ಮೂಲಕ ಸರಕು ಕಳುಹಿಸುವ ರಫ್ತುದಾರರಿಗೆ ಈ ಅನುಭವ ಹೊಸದಲ್ಲ. ಬುಕಿಂಗ್ ಖಚಿತವಾಗಿರುತ್ತದೆ, ಕಸ್ಟಮ್ಸ್ ವಿಧಿಗಳು ಮುಗಿದಿರುತ್ತವೆ, ವಿಮಾನದಲ್ಲಿ ಸ್ಥಳವೂ ಇರುತ್ತದೆ. ಆದರೂ ಕೊನೆಯ ಗಳಿಗೆಯಲ್ಲಿ ಕೆಲವು ಪೆಟ್ಟಿಗೆಗಳು ನೆಲದಲ್ಲೇ ಉಳಿಯುತ್ತವೆ. ಕಾರಣ ತೂಕ. ತೂಕದ ಮಿತಿಯನ್ನು ನಿರ್ಧರಿಸುವುದು ಎಂಜಿನ್ನಿನ ಶಕ್ತಿಯೊಂದೇ ಅಲ್ಲ. ರನ್‌ವೇಯ ತುದಿಯನ್ನು ದಾಟಿದ ಮೇಲೆ ವಿಮಾನವು ಯಾವ ದಾರಿಯಲ್ಲಿ ಮೇಲೇರಬೇಕು ಎಂಬುದೂ ಅದರಲ್ಲಿ ಸೇರಿದೆ. ಈಗ ಬಳಕೆಯಿಂದ ಮರೆಯಾಗಿರುವ ಕೆಲವು ನಿರ್ಗಮನ ಪಥಗಳು ಈ ಸಂಬಂಧಕ್ಕೆ ಒಳ್ಳೆಯ ನಿದರ್ಶನಗಳಾಗಿವೆ.

ನಿಯಮದ ತಿರುಳು ಸರಳವಾಗಿದೆ. ನೆಲ ಬಿಡುವ ಹಂತದಲ್ಲಿ ಒಂದು ಎಂಜಿನ್ ಕೆಟ್ಟರೂ ಉಳಿದ ಎಂಜಿನ್‌ಗಳ ಬಲದಿಂದಲೇ ವಿಮಾನವು ಮುಂದಿರುವ ಗುಡ್ಡ, ಕಟ್ಟಡಗಳನ್ನು ಸುರಕ್ಷಿತವಾಗಿ ದಾಟುವಂತಿರಬೇಕು. ಬೋಯಿಂಗ್ 747-400 ಸುಮಾರು 397 ಟನ್ ತೂಕದೊಂದಿಗೆ ಮೇಲೇರಬಲ್ಲದು ಎಂಬುದು ತಯಾರಕರ ಗರಿಷ್ಠ ಮಿತಿ. ಆ ದಿನದ ಗಾಳಿ, ಸೆಕೆ, ರನ್‌ವೇಯ ಉದ್ದ ಹಾಗೂ ಮುಂದಿರುವ ಅಡೆತಡೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ನಿಜವಾದ ಮಿತಿ ಅದಕ್ಕಿಂತ ಕಡಿಮೆಯಾಗಬಹುದು. ಇಂಧನವನ್ನು ಬಿಡುವಂತಿಲ್ಲ, ಪ್ರಯಾಣಿಕರನ್ನು ಇಳಿಸುವುದು ಕಷ್ಟ. ಆದ್ದರಿಂದ ಕಡಿತದ ಹೊರೆ ಮೊದಲು ಬೀಳುವುದು ಸರಕಿನ ಮೇಲೆ.

ಹಾಂಗ್‌ಕಾಂಗ್‌ನ ಕೈತಕ್ ನಿಲ್ದಾಣದಲ್ಲಿ ಇದು ಎದ್ದು ಕಾಣುತ್ತಿತ್ತು. ಕೊಲ್ಲಿಯೊಳಕ್ಕೆ ಚಾಚಿದ್ದ ಅಲ್ಲಿನ ಒಂದೇ ರನ್‌ವೇ 1958ರಲ್ಲಿ ಬಳಕೆಗೆ ಬಂದಿತು. 1970ರ ದಶಕದಲ್ಲಿ ಅದನ್ನು ಸುಮಾರು 3,390 ಮೀಟರಿಗೆ ವಿಸ್ತರಿಸಲಾಯಿತು. ಆ ಒಂದೇ ಪಟ್ಟಿಯ ಮೇಲೆ 1996ರಲ್ಲಿ ಸುಮಾರು 15.6 ಲಕ್ಷ ಟನ್ ಸರಕು ಸಾಗಿತು. ಅಂತರರಾಷ್ಟ್ರೀಯ ಸರಕಿನಲ್ಲಿ ಅಂದು ಅದಕ್ಕೆ ಜಗತ್ತಿನಲ್ಲೇ ಮೊದಲ ಸ್ಥಾನ. ಕೈತಕ್ ಎಂದೊಡನೆ ಜನ ನೆನೆಯುವುದು ಮನೆಗಳ ಮೇಲೆ ತಿರುಗಿ ಇಳಿಯುತ್ತಿದ್ದ ದೃಶ್ಯವನ್ನು; ವಾಣಿಜ್ಯದ ದೃಷ್ಟಿಯಿಂದ ನಿರ್ಗಮನವೇ ಹೆಚ್ಚು ಗಮನಾರ್ಹ. ಆಗ್ನೇಯಕ್ಕೆ ಹೊರಟ ವಿಮಾನವು ನೀರಿನ ಮೇಲೆ ಸಾಗಿ ಲೇ ಯೂ ಮುನ್ ಕಣಿವೆಯ ಕಡೆಗೆ ಏರುತ್ತಿತ್ತು. ವಾಯವ್ಯದಿಂದ ಗಾಳಿ ಬೀಸಿದಾಗ ದಿಕ್ಕು ತಿರುಗಬೇಕಾಗುತ್ತಿತ್ತು. ಆಗ ಎದುರಿಗೆ ಕೌಲೂನಿನ ಕಟ್ಟಡಗಳು, ಅವುಗಳ ಹಿಂದೆ 495 ಮೀಟರ್ ಎತ್ತರದ ಲಯನ್ ರಾಕ್ ಮೊದಲಾದ ಗುಡ್ಡಗಳು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಡಕ್ಕೆ ಹೊರಳುವುದು ಅನಿವಾರ್ಯವಾಗಿತ್ತು. ವಿಮಾನವು ವಾಲಿ ತಿರುಗುವಾಗ ಅದರ ಏರುವ ಶಕ್ತಿ ಕುಗ್ಗುತ್ತದೆ. ಎದುರಿಗೆ ಗುಡ್ಡವಿದ್ದಾಗ ಅಷ್ಟನ್ನೂ ಲೆಕ್ಕದಲ್ಲಿ ಮೊದಲೇ ಕಳೆಯಬೇಕು. ಅದೇ ವಿಮಾನ, ಅದೇ ರನ್‌ವೇ. ಗಾಳಿ ದಿಕ್ಕು ಬದಲಿಸಿದರೆ ಒಯ್ಯಬಹುದಾದ ತೂಕವೂ ಬದಲಾಗುತ್ತಿತ್ತು. 1998ರ ಜುಲೈ 6ರಂದು ಕೈತಕ್ ಮುಚ್ಚಿತು. ಸೇವೆಗಳು ಚೆಕ್ ಲಾಪ್ ಕೋಕ್‌ಗೆ ವರ್ಗವಾದವು. ಹಳೆಯ ರನ್‌ವೇಯ ತುದಿಯಲ್ಲಿ 2013ರಲ್ಲಿ ಪ್ರವಾಸಿ ಹಡಗುಗಳ ನಿಲ್ದಾಣ ಆರಂಭವಾಯಿತು.

ಗುಡ್ಡಗಳಿಲ್ಲದ ಊರುಗಳಲ್ಲಿ ಆ ಪಾತ್ರವನ್ನು ಶಬ್ದದ ನಿಯಮಗಳು ವಹಿಸಿದವು. ಲಂಡನ್ನಿನ ಹೀಥ್ರೂನಲ್ಲಿ 1959ರಲ್ಲೇ ನಿರ್ಗಮನದ ಗದ್ದಲಕ್ಕೆ ಹಗಲು 110, ರಾತ್ರಿ 102 ಪಿಎನ್‌ಡಿಬಿ ಮಿತಿ ಗೊತ್ತುಮಾಡಲಾಯಿತು. ಕಿವಿಗೆ ತಟ್ಟುವ ಗದ್ದಲವನ್ನು ಅಳೆಯುವ ಮಾನವದು. ನ್ಯೂಯಾರ್ಕ್‌ನಲ್ಲಿ ಮಿತಿ 112 ಇತ್ತು. 1977ರ ನವೆಂಬರ್ 22ರಂದು ಅಲ್ಲಿಗೆ ನಿಯತ ಸೇವೆ ಆರಂಭಿಸಿದ ಕಾಂಕಾರ್ಡ್, ಕೆನಡಿ ನಿಲ್ದಾಣದಿಂದ ವಾಯವ್ಯಕ್ಕೆ ಹೊರಟಾಗ ನೆಲ ಬಿಟ್ಟೊಡನೆಯೇ ಎಡಕ್ಕೆ ಹೊರಳಿ ಜಮೈಕಾ ಕೊಲ್ಲಿಯ ನೀರಿನ ಮೇಲೆ ಸಾಗುತ್ತಿತ್ತು. ಭಾರ ಹೆಚ್ಚಾದಷ್ಟೂ ಏರಿಕೆ ನಿಧಾನ. ಏರಿಕೆ ನಿಧಾನವಾದಷ್ಟೂ ಕೆಳಗಿನ ಮನೆಗಳಿಗೆ ಸದ್ದು ಸಮೀಪ. ಹೀಗಾಗಿ ಶಬ್ದಮಿತಿಯೂ ಒಂದು ಬಗೆಯಲ್ಲಿ ತೂಕದ ಮಿತಿಯೇ ಆಗಿತ್ತು. ಕಾಂಕಾರ್ಡ್ 2003ರಲ್ಲಿ ಸೇವೆಯಿಂದ ನಿವೃತ್ತವಾಯಿತು.

ಬೆಂಗಳೂರಿನ ಕಥೆ ಬೇರೆ. ಇಲ್ಲಿ ತೊಡಕು ಗುಡ್ಡದ್ದಲ್ಲ, ಊರೇ ನಿಂತಿರುವ ಎತ್ತರದ್ದು. ಎಚ್‌ಎಎಲ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 887 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ, 30 ಡಿಗ್ರಿ ಸೆಕೆಯಲ್ಲಿ, ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ಶೇ. 14ರಷ್ಟು ಕಡಿಮೆ. ರೆಕ್ಕೆಗೆ ಆಧಾರ ಸಿಗಲು ಹೆಚ್ಚು ವೇಗ ಬೇಕು, ಎಂಜಿನ್ನಿನ ತಳ್ಳುಬಲವೋ ಇಳಿದಿರುತ್ತದೆ. ಇದ್ದ ರನ್‌ವೇ ಸುಮಾರು 3,300 ಮೀಟರ್. ಪಶ್ಚಿಮಕ್ಕೆ ಹೊರಟರೆ ದೊಮ್ಮಲೂರಿನ ಕಡೆಯ ವಸತಿ ಪ್ರದೇಶ. ಯುರೋಪಿನ ತಡೆರಹಿತ ಸೇವೆಗಳು ಹಲವು ವರ್ಷ ಈ ಚೌಕಟ್ಟಿನೊಳಗೇ ನಡೆದವು.

2008ರ ಮೇ 24ರಂದು ನಿಗದಿತ ಸೇವೆಗಳು ದೇವನಹಳ್ಳಿಗೆ ಸ್ಥಳಾಂತರಗೊಂಡಾಗ 4,000 ಮೀಟರ್ ಉದ್ದದ ರನ್‌ವೇ ದೊರಕಿತು. 2019ರ ಡಿಸೆಂಬರ್‌ನಲ್ಲಿ ಎರಡನೆಯದೂ ಬಂದಿತು. ಆದರೆ ಹೊಸ ನಿಲ್ದಾಣ ಹಳೆಯದಕ್ಕಿಂತಲೂ ತುಸು ಎತ್ತರದಲ್ಲಿದೆ, ಸುಮಾರು 915 ಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊಗೆ ಆರಂಭಿಸಿದಂತಹ ಸುಮಾರು 14,000 ಕಿ.ಮೀ. ದೂರದ ಸೇವೆಯಲ್ಲಿ ಇಂಧನವೇ ತೂಕದ ಬಹುಪಾಲನ್ನು ನುಂಗುತ್ತದೆ. ಉಷ್ಣತೆ 30ರಿಂದ 20 ಡಿಗ್ರಿಗೆ ಇಳಿದರೆ ಗಾಳಿಯ ಸಾಂದ್ರತೆ ಶೇ. 3ಕ್ಕಿಂತ ಹೆಚ್ಚು ಏರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ದೂರದ ಮಾರ್ಗಗಳಿಗೆ ಸರಕು ಕಾಯ್ದಿರಿಸುವ ರಫ್ತುದಾರರು ದರದೊಂದಿಗೆ ವಿಮಾನ ಹೊರಡುವ ವೇಳೆಯನ್ನೂ ಏಜೆಂಟರಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ಮಧ್ಯಾಹ್ನದ ವಿಮಾನಕ್ಕಿಂತ ನಡುರಾತ್ರಿಯ ವಿಮಾನದಲ್ಲಿ ಪೆಟ್ಟಿಗೆ ಹಿಂದುಳಿಯುವ ಸಂಭವ ಕಡಿಮೆ.